ಗಾಳಿ ಗೋವಾ ಕಡೆ ಹೋದ ಮೇಲೆ ಕಡಲು ಬಂತು: ತೌಕ್ತೆ ಚಂಡಮಾರುತದಲ್ಲಿ ನಮ್ಮ ದೊಡ್ಡಪ್ಪನ ಮನೆ

ಇದು 2021ರ ಮೇ 14ರಿಂದ 17ರವರೆಗಿನ ಮಾತು. ನಮ್ಮ ದೊಡ್ಡಪ್ಪನ ಮನೆ ಇರುವುದು ಮಲ್ಪೆಯಿಂದ ಉತ್ತರಕ್ಕೆ, ಹೂಡೆ ದಾಟಿ ಕೋಡಿಬೇಂಗ್ರೆಗೆ ಹೋಗುವ ದಾರಿಯಲ್ಲಿ. ಆ ಜಾಗ ನೋಡಿದವರಿಗೆ ಗೊತ್ತಿರುತ್ತದೆ. ಪಡುವಿಗೆ (ಪಶ್ಚಿಮಕ್ಕೆ) ಕಡಲು, ಮೂಡಿಗೆ (ಪೂರ್ವಕ್ಕೆ) ಸುವರ್ಣಾ ಹೊಳೆ, ನಡುವೆ ಒಂದು ಪಟ್ಟಿ ಮರಳು. ಆ ಮರಳಿನ ಮೇಲೆ ಒಂದೇ ರಸ್ತೆ, ಅದರ ಎರಡೂ ಬದಿಗೆ ತೆಂಗು, ಮನೆ, ದೋಣಿ. ಕೆಲವು ಮನೆಗಳ ಅಂಗಳದಲ್ಲಿ ನಿಂತರೆ ಎರಡೂ ಕಡೆಯ ನೀರು ಕಾಣುತ್ತದೆ. ಬಡಗು (ಉತ್ತರ) ತುದಿಯಲ್ಲಿ ಅಳಿವೆ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಅಲ್ಲಿಂದ ಹಂಗಾರಕಟ್ಟೆಗೆ ಬಾರ್ಜಿನಲ್ಲಿ ದಾಟಬೇಕು, ಗಾಳಿಮಳೆ ಜೋರಿದ್ದರೆ ಬಾರ್ಜು ಇಲ್ಲ. ಅಂದರೆ ಹೊರಗೆ ಬರಲು ತೆಂಕು (ದಕ್ಷಿಣ) ಕಡೆಯ ಒಂದೇ ದಾರಿ. ಇಲ್ಲಿ ನಡೆದದ್ದೆಲ್ಲ ಈ ಒಂದು ದಾರಿಯ ಸುತ್ತವೇ ನಡೆದದ್ದು.

ನಾನು ಇದನ್ನು ಬರೆಯಲು ಕಾರಣ ಉಂಟು. ತೌಕ್ತೆ ಕರ್ನಾಟಕಕ್ಕೆ ಅಪ್ಪಳಿಸಲಿಲ್ಲ ಅಂತ ಜನ ಈಗಲೂ ಹೇಳುತ್ತಾರೆ. ಮಾತು ಸರಿಯೇ. ಅದರ ಕೇಂದ್ರ ಉಡುಪಿಯಿಂದ 200 ಕಿಲೋಮೀಟರಿಗಿಂತ ಜಾಸ್ತಿ ದೂರದಲ್ಲಿ, ಕಡಲಿನ ಮೇಲೆಯೇ ಹಾದು ಹೋಯಿತು. ಅದು ನೆಲ ಮುಟ್ಟಿದ್ದು ಮೇ 17ರ ರಾತ್ರಿ, ಗುಜರಾತಿನಲ್ಲಿ, ದಿಯು ಹತ್ತಿರ. ಆದರೂ ನಮ್ಮ ದೊಡ್ಡಪ್ಪನ ಅಡುಗೆಮನೆಯ ಗೋಡೆ ಬಿದ್ದದ್ದು ಹೌದು, ಬಾವಿ ಉಪ್ಪಾದದ್ದು ಹೌದು, ಒಂದು ಎಂಜಿನ್ ಹೋದದ್ದು ಹೌದು. ಅದೂ ಗಾಳಿ ನಮ್ಮನ್ನು ದಾಟಿ ಆಯಿತು ಅಂತ ಎಲ್ಲರೂ ಉಸಿರು ಬಿಟ್ಟ ಮೇಲೆ. ಹಾಗೆ ಉಸಿರು ಬಿಡಿ ಅಂತ ಫೋನಿನಲ್ಲಿ ಹೇಳಿದವನು ನಾನೇ.

ಮನೆಯಲ್ಲಿ ಆಗ ಐದು ಜನ. ದೊಡ್ಡಪ್ಪ, 40 ವರ್ಷ ಕಡಲಿಗೆ ಹೋದವರು. ದೊಡ್ಡಮ್ಮ, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಅವರ ಮಗ, ನನಗೆ ಅಣ್ಣ, ಮೂರು ಜನರ ಜೊತೆ ಪಾಲಿನಲ್ಲಿ ಒಂದು ನಾಡದೋಣಿ ಇಟ್ಟುಕೊಂಡಿದ್ದಾನೆ. ಅತ್ತಿಗೆ, ಮತ್ತೆ ಆರು ವರ್ಷದ ಮಗು. ಮನೆ ಹಳೆಯದು, ಮಂಗಳೂರು ಹಂಚಿನದು. ಅಡುಗೆಮನೆ ಪಡುವಿಗೆ, ಅಂದರೆ ಕಡಲಿನ ಕಡೆಗೆ. ಅದನ್ನು ಆಮೇಲೆ ಸೇರಿಸಿ ಕಟ್ಟಿದ್ದು. ನಾನಿರುವುದು ಸಂತೆಕಟ್ಟೆಯಲ್ಲಿ, ಹೆದ್ದಾರಿ ಬದಿ. ಗಾಡಿಯಲ್ಲಿ ಹೋದರೆ ದೂರವೇನಲ್ಲ.

ಶುಕ್ರವಾರ, 14ನೇ ತಾರೀಕು ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿದರು. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿದಿದೆ ಅಂತ ಟೀವಿಯಲ್ಲಿ ಬರುತ್ತಿತ್ತು. ಅವರು ಟೀವಿಯ ಮಾತು ಎತ್ತಲಿಲ್ಲ. "ಗಾಳಿ ಇಲ್ಲ ಮಾರಾಯ, ಎಲೆ ಅಲ್ಲಾಡುವುದಿಲ್ಲ. ಆದ್ರೆ ತೆರೆ ದೊಡ್ಡದು ಬರ್ತಾ ಉಂಟು. ಒಂದು ಬಂದು ಇನ್ನೊಂದು ಬರ್ಲಿಕ್ಕೆ ಜಾಸ್ತಿ ಹೊತ್ತು ತಗೊಳ್ತದೆ" ಎಂದರು. ಅವರು ಕಂಡದ್ದು ಸರಿಯಾಗಿತ್ತು. ದೂರದಲ್ಲಿ ಗಾಳಿ ಎದ್ದರೆ ಅದು ಎಬ್ಬಿಸಿದ ಉದ್ದ ತೆರೆಗಳು ಗಾಳಿಗಿಂತ ಮೊದಲೇ ನಮ್ಮ ದಡಕ್ಕೆ ಬಂದು ಮುಟ್ಟುತ್ತವೆ. ನಮ್ಮಲ್ಲಿ ಮಾಮೂಲಿ ತೆರೆ ಪಟಪಟ ಬಡಿಯುತ್ತದೆ. ಇದು ಹಾಗಲ್ಲ. ನಿಧಾನವಾಗಿ ಎದ್ದು, ತುಂಬ ಒಳಗೆ ಬಂದು, ತುಂಬ ಹಿಂದೆ ಎಳೆದುಕೊಂಡು ಹೋಗುತ್ತದೆ. ಮರಳನ್ನು ತಿನ್ನುವುದು ಈ ಜಾತಿಯ ತೆರೆ.

ಕಂಡದ್ದೇನೋ ಕಂಡರು. ಆದರೆ ಮನೆ ಬಿಡುವ ಮಾತಿಗೆ ಒಪ್ಪಲಿಲ್ಲ. ಅದಕ್ಕೂ ಕಾರಣ ಇತ್ತು, ಅದನ್ನು ಹಟ ಅಂತ ತಳ್ಳಿ ಹಾಕಬಾರದು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಬಂದಾಗಲೂ ದೊಡ್ಡ ಗಲಾಟೆ ಆಗಿತ್ತು. ಅದು ಸೂಪರ್ ಸೈಕ್ಲೋನ್ ಮಟ್ಟಕ್ಕೆ ಏರಿತು, ಆದರೆ ಪಶ್ಚಿಮಕ್ಕೆ ತಿರುಗಿ ಅರಬ್ಬಿ ಕಡಲಿನಲ್ಲೇ ಕರಗಿತು. ಈ ಓಣಿಗೆ ಏನೂ ಆಗಲಿಲ್ಲ. ಅದರ ಮೇಲೆ ಇದು ಕೊರೋನಾ ಎರಡನೇ ಅಲೆಯ ಸಮಯ. ಮೇ 10ರಿಂದ ಲಾಕ್‌ಡೌನ್, ಬೆಳಿಗ್ಗೆ 6ರಿಂದ 10ರ ತನಕ ಮಾತ್ರ ಅಂಗಡಿ. ಕಾಳಜಿ ಕೇಂದ್ರ ಅಂದರೆ ಶಾಲೆಯ ಕೋಣೆಯಲ್ಲಿ ಹತ್ತು ಮನೆಯವರು ಒಟ್ಟಿಗೆ ಮಲಗುವುದು. ಸಕ್ಕರೆ ಕಾಯಿಲೆಯ ದೊಡ್ಡಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ? ಆ ವಾರ ನಮ್ಮ ಕಡೆ ದಿನಾ ಒಬ್ಬರಲ್ಲ ಒಬ್ಬರ ಸಾವಿನ ಸುದ್ದಿ ಬರುತ್ತಿತ್ತು. ಕಡಲಿಗಿಂತ ಜನರಿಗೆ ಆಗ ಅದೇ ದೊಡ್ಡ ಹೆದರಿಕೆ.

ಶುಕ್ರವಾರ ಮಧ್ಯಾಹ್ನದಿಂದ ಅಣ್ಣ ಕೆಲಸಕ್ಕೆ ಇಳಿದ. ದೋಣಿಯನ್ನು ಎಂಟು ಜನ ಸೇರಿ ಎಳೆದು ರಸ್ತೆಯ ಮೂಡು ಬದಿಗೆ ತಂದು ಎರಡು ತೆಂಗಿನ ಮರಕ್ಕೆ ಕಟ್ಟಿದರು. ತೆಂಗಿನ ಮರದ ಒಣ ಮಡಲು, ಕಾಯಿ ಎಲ್ಲ ಇಳಿಸಿದರು. ಇದನ್ನು ಜನ ಸಣ್ಣ ವಿಷಯ ಅಂತ ಬಿಡುತ್ತಾರೆ, ಆದರೆ ಗಾಳಿಯಲ್ಲಿ ಹಂಚು ಒಡೆಯುವುದು ಜಾಸ್ತಿ ಇದೇ ಮಡಲು ಕಾಯಿ ಬಿದ್ದು.

ಆಮೇಲೆ ಮಾಡಿನ, ಅಂದರೆ ಛಾವಣಿಯ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಂಚಿನ ಮನೆಯಲ್ಲಿ ಇರುವ ಯಾರಿಗೂ ಇದು ಉಪಯೋಗಕ್ಕೆ ಬರುತ್ತದೆ. ನಮ್ಮ ಹಂಚು ನಿಲ್ಲುವುದು ತನ್ನ ಭಾರದಿಂದ ಮತ್ತೆ ಹಿಂದೆ ಇರುವ ಸಣ್ಣ ಕೊಕ್ಕೆಯಿಂದ, ರೀಪಿನ ಮೇಲೆ. ಮೊಳೆ ಇಲ್ಲ. ಗಾಳಿ ಮೇಲಿಂದ ಒತ್ತಿದರೆ ಹಂಚಿಗೆ ಏನೂ ಆಗುವುದಿಲ್ಲ. ಸೂರಿನ ಕೆಳಗೆ ನುಗ್ಗಿ ಮೇಲಕ್ಕೆ ಎತ್ತಿದಾಗಲೇ ಹಾರುವುದು, ಅದರಲ್ಲೂ ಅಂಚಿನ ಮೊದಲ ಎರಡು ಮೂರು ಸಾಲು. ಒಂದು ಸಾಲು ಎದ್ದರೆ ಉಳಿದದ್ದಕ್ಕೆ ಹಿಡಿತ ಇಲ್ಲ. ದೊಡ್ಡಪ್ಪ ಅಟ್ಟದಿಂದ ಹಳೆಯ ಬಲೆ ಇಳಿಸಿದರು. ದಪ್ಪ ನೂಲಿನ, ಕಣ್ಣು ದೊಡ್ಡದಿರುವ ಬಲೆ, ಮೀನಿಗೆ ಉಪಯೋಗಕ್ಕಿಲ್ಲ ಅಂತ ಸುತ್ತಿ ಇಟ್ಟದ್ದು. ಅದನ್ನು ಇಡೀ ಮಾಡಿನ ಮೇಲೆ ಹಾಸಿದರು. ಬಲೆಯ ಅಂಚಿನ ಹಗ್ಗಕ್ಕೆ ಮರಳು ತುಂಬಿದ ಸಿಮೆಂಟ್ ಚೀಲ ಕಟ್ಟಿ ನಾಲ್ಕೂ ಬದಿಗೆ ಇಳಿಬಿಟ್ಟರು. ಚೀಲ ಗೋಡೆಗೆ ಬಡಿಯದ ಹಾಗೆ ಪ್ರತಿ ಚೀಲದ ಹಗ್ಗವನ್ನು ಕಿಟಕಿಯ ಸರಳಿಗೆ ಒಂದು ಸುತ್ತು ಸುತ್ತಿದರು. ದೋಣಿ ಕಟ್ಟುವ ಅದೇ ಗಂಟು. ಗಾಳಿ ಬಲೆಯ ಕಣ್ಣಿನಿಂದ ಹಾದು ಹೋಗುತ್ತದೆ, ಟರ್ಪಾಲಿನ ಹಾಗೆ ಉಬ್ಬುವುದಿಲ್ಲ. ಪಕ್ಕದ ಮನೆಯವರು ಟರ್ಪಾಲು ಹಾಕಿದ್ದರು. ಭಾನುವಾರ ಬೆಳಿಗ್ಗೆ ಅದು ಹೊಳೆಯಲ್ಲಿ ಸಿಕ್ಕಿತು, ಜೊತೆಗೆ ಸುಮಾರು ಹಂಚುಗಳೂ ಹೋಗಿದ್ದವು. ನಮ್ಮ ಮಾಡಿನಲ್ಲಿ ಒಡೆದದ್ದು ಏಳು ಹಂಚು.

ಶನಿವಾರ ಬೆಳಿಗ್ಗೆ ಹೊತ್ತಿಗೆ ಅದಕ್ಕೆ ಹೆಸರು ಬಂದಿತ್ತು. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ದಾಟಿದರೆ ನಮ್ಮಲ್ಲಿ ಚಂಡಮಾರುತ ಅನ್ನುತ್ತಾರೆ, ಆಗ ಹೆಸರು ಇಡುತ್ತಾರೆ. ಅಮೆರಿಕದ ಕಡೆ ಹರಿಕೇನ್ ಅನ್ನುವುದೂ ಇದೇ ಜಾತಿಯ ಸುಳಿಗಾಳಿಗೆ. ತೌಕ್ತೆ ಅನ್ನುವ ಹೆಸರು ಮ್ಯಾನ್ಮಾರ್ ಕೊಟ್ಟದ್ದು, ಅವರ ಭಾಷೆಯಲ್ಲಿ ಜೋರಾಗಿ ಕೂಗುವ ಒಂದು ಹಲ್ಲಿಯ ಹೆಸರು. ಕರಾವಳಿಗೆ ರೆಡ್ ಅಲರ್ಟ್ ಇತ್ತು. 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಅಂತ ಅದರ ಅರ್ಥ.

ಅಂದು ಮಧ್ಯಾಹ್ನ ತೀರ್ಮಾನ ತೆಗೆದುಕೊಂಡದ್ದು ಅತ್ತಿಗೆ. ಮನೆಯ ಗಂಡಸರೆಲ್ಲ "ಸಂಜೆ ನೋಡುವ, ನೀರು ಗೇರುಮರದ ಹತ್ತಿರ ಬಂದರೆ ಹೊರಡುವ" ಎನ್ನುತ್ತಿದ್ದರು. ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ. "ನೀರು ಗೇರುಮರದ ಹತ್ತಿರ ಬರುವ ಹೊತ್ತಿಗೆ ತೆಂಕಿನ ತಗ್ಗಿನಲ್ಲಿ ರಸ್ತೆ ಇರ್ತದಾ ಮಾವ?" ಯಾರೂ ಮಾತಾಡಲಿಲ್ಲ. ನಮ್ಮ ಮನೆಯಿಂದ ತೆಂಕಿಗೆ ಸ್ವಲ್ಪ ದೂರದಲ್ಲಿ ರಸ್ತೆ ತಗ್ಗಿದೆ, ಕಡಲಿಗೂ ಹತ್ತಿರ. ಮನೆಗೆ ನೀರು ಬರುವ ಮೊದಲೇ ಅಲ್ಲಿ ಬರುತ್ತದೆ. ಮನೆಯ ಅಂಗಳ ನೋಡಿಕೊಂಡು ಹೊರಡುವ ಹೊತ್ತು ಗೊತ್ತು ಮಾಡಿದರೆ ತಪ್ಪುತ್ತದೆ. ದಾರಿಯ ಎಲ್ಲಕ್ಕಿಂತ ತಗ್ಗಿನ ಜಾಗ ನೋಡಿಕೊಂಡು ಗೊತ್ತು ಮಾಡಬೇಕು. ಇಡೀ ಪ್ರಕರಣದಲ್ಲಿ ಸರಿಯಾಗಿ ಯೋಚಿಸಿದ ಮಾತು ಅಂದರೆ ಇದೇ ಅಂತ ನನಗೆ ಈಗಲೂ ಅನಿಸುತ್ತದೆ.

ಮೂರು ಗಂಟೆಗೆ ನಾನು ಗಾಡಿ ತಂದೆ. ಅತ್ತಿಗೆ ಮೊದಲೇ ಎಲ್ಲ ಕಟ್ಟಿಟ್ಟಿದ್ದಳು. ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಸ್ಟೀಲ್ ಡಬ್ಬದಲ್ಲಿ, ಸುತ್ತ ಒದ್ದೆ ಬಟ್ಟೆ. ಜಾಗದ ಕಾಗದ, ಆಧಾರ್, ಪಾಸ್‌ಬುಕ್ ಎರಡು ಪ್ಲಾಸ್ಟಿಕ್ ಚೀಲದಲ್ಲಿ. ಹೊರಡುವ ಮೊದಲು ಮಗುವನ್ನು ಅಡುಗೆಮನೆಯ ಗೋಡೆಯ ಎದುರು ನಿಲ್ಲಿಸಿ ಒಂದು ಫೋಟೋ ತೆಗೆದಳು. ಬಾವಿಯ ಹತ್ತಿರ ಒಂದು. ಸುಮ್ನೆ ತೆಗೆದದ್ದು, ಮಗು ಕೇಳಿತು ಅಂತ. ಅದು ಆಮೇಲೆ ತುಂಬ ಕೆಲಸಕ್ಕೆ ಬಂತು.

ದೊಡ್ಡಪ್ಪ ಬರಲಿಲ್ಲ. ಅಪ್ಪ ಒಬ್ಬರೇ ಇರುತ್ತಾರೆ ಅಂತ ಅಣ್ಣನೂ ಉಳಿದ. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು.

ರಾತ್ರಿ ಹತ್ತು ಗಂಟೆಗೆ ನಾನು ಮೊಬೈಲಿನಲ್ಲಿ ನಕ್ಷೆ ನೋಡಿದೆ. ಚಂಡಮಾರುತದ ಕೇಂದ್ರ ನಮ್ಮ ನೇರ ದಾಟಿ ಉತ್ತರಕ್ಕೆ ಹೋಗಿತ್ತು. ಅಣ್ಣನಿಗೆ ಫೋನ್ ಮಾಡಿ, "ದಾಟಿತು, ಗೋವಾ ಕಡೆ ಹೋಗ್ತಾ ಉಂಟು, ಇನ್ನು ಮಲಗಿ" ಎಂದೆ. ಅವನೂ ಹೌದು ಎಂದ, ಆ ಹೊತ್ತಿಗೆ ಗಾಳಿ ಸ್ವಲ್ಪ ಬಿಟ್ಟಿತ್ತು. ಓಣಿಯ ಎಂಟು ಮನೆಗಳಲ್ಲಿ ಐದು ಮನೆಯವರು ಅಲ್ಲೇ ಇದ್ದರು, ಎಲ್ಲರೂ ದೀಪ ಆರಿಸಿ ಮಲಗಿದರು.

ನಾನು ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳುತ್ತೇನೆ. ನಾನು ನೋಡಿದ್ದು ಕೇಂದ್ರ ಎಲ್ಲಿದೆ ಅಂತ ಮಾತ್ರ. ನೋಡಬೇಕಾದದ್ದು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ. ನಮ್ಮ ಭೂಗೋಳದ ಈ ಅರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಅದು ನಮಗೆ ತೆಂಕು-ಪಡುವಿನಲ್ಲಿ ಇರುವಾಗ ನಮ್ಮಲ್ಲಿ ಗಾಳಿ ಮೂಡು ಕಡೆಯಿಂದ, ನೆಲದಿಂದ ಕಡಲಿಗೆ. ನೇರ ಪಡುವಿಗೆ ಬಂದಾಗ ತೆಂಕು ಗಾಳಿ, ದಡದ ಉದ್ದಕ್ಕೆ. ಬಡಗು-ಪಡುವಿಗೆ ದಾಟಿದ ಮೇಲೆ ಗಾಳಿ ತೆಂಕು-ಪಡು ಮೂಲೆಯಿಂದ, ಅಂದರೆ ಕಡಲಿನಿಂದ ಸೀದಾ ನಮ್ಮ ಅಡುಗೆಮನೆಗೆ. ಕೇಂದ್ರ ದೂರ ಹೋದ ಹಾಗೆ ಗಾಳಿ ಕಮ್ಮಿ ಆಗಬೇಕು ಅಲ್ವಾ ಅಂತ ಯಾರಿಗೂ ಅನಿಸುತ್ತದೆ. ಆದರೆ ತೌಕ್ತೆ ದೂರ ಹೋಗುತ್ತಾ ಹೋಗುತ್ತಾ ಬಲ ಹೆಚ್ಚಿಸಿಕೊಳ್ಳುತ್ತಿತ್ತು. ಮೇ ತಿಂಗಳಲ್ಲಿ ಅರಬ್ಬಿ ಕಡಲು ಕಾದಿರುತ್ತದೆ, ಇಂಥ ಸುಳಿಗೆ ಬೇಕಾದ 26.5 ಡಿಗ್ರಿಗಿಂತ ಎಷ್ಟೋ ಜಾಸ್ತಿ, ಆ ಬಿಸಿಯೇ ಅದರ ಊಟ. ನಮ್ಮ ನೇರಕ್ಕೆ ಬಂದಾಗ ಇದ್ದದ್ದಕ್ಕಿಂತ ಮರುದಿನ ಗೋವಾ ದಾಟುವಾಗ ಅದು ದೊಡ್ಡದು.

ಒಂದೂವರೆಗೆ ಕರೆಂಟು ಹೋಯಿತು. ಮಳೆ ಬಿಡಲೇ ಇಲ್ಲ. ಆ ರಾತ್ರಿಯ ಮಳೆಯ ಲೆಕ್ಕ ಆಮೇಲೆ ಬಂತು: ನಮ್ಮದೇ ಜಿಲ್ಲೆಯ ನಾಡ ಎಂಬಲ್ಲಿ 24 ಗಂಟೆಯಲ್ಲಿ 385 ಮಿಲಿಮೀಟರ್. ಘಟ್ಟದ ಬುಡದಲ್ಲಿ ಬಿದ್ದ ನೀರು ಹೊಳೆಗೆ ಬಂತು. ಹೊಳೆ ಕಡಲಿಗೆ ಸೇರಬೇಕಾದ ಅಳಿವೆಯಲ್ಲಿ ಕಡಲೇ ಎದ್ದು ನಿಂತಿತ್ತು, ಹಾಗಾಗಿ ಹೊಳೆಯ ನೀರಿಗೆ ಹೊರಗೆ ಹೋಗಲು ಜಾಗ ಇಲ್ಲದೆ ಮೂಡು ಬದಿಯ ಅಂಗಳಗಳಿಗೆ ಏರಿತು. ಮೂರು ಗಂಟೆ ಹೊತ್ತಿಗೆ ಭರತವೂ, ಅಂದರೆ ಕಡಲಿನ ಉಬ್ಬರವೂ ಸೇರಿತು. ಅಮಾವಾಸ್ಯೆ ಕಳೆದು ನಾಲ್ಕೈದು ದಿನವಾಗಿತ್ತು, ಅದೊಂದು ಪುಣ್ಯ. ಅಮಾವಾಸ್ಯೆಯ ದಿನವೇ ಬಂದಿದ್ದರೆ ಭರತ ಇನ್ನೂ ಎತ್ತರ.

ದೊಡ್ಡಪ್ಪನಿಗೆ ಎಚ್ಚರವಾದದ್ದು ಸದ್ದಿನಿಂದ ಅಲ್ಲ, ಸದ್ದು ನಿಂತದ್ದರಿಂದ. ಸಂಜೆಯಿಂದ ಮನೆಯ ಹಿಂದೆ ತೆರೆ ಬಂದು ಮರಳಿಗೆ ಬಡಿಯುವ ಸದ್ದು ಒಂದೇ ಸಮ ಇತ್ತು. ಅದು ಇದ್ದಕ್ಕಿದ್ದಂತೆ ಮೆತ್ತಗಾಯಿತು. ಯಾಕೆಂದರೆ ಬಡಿಯಲು ದಿಬ್ಬವೇ ಉಳಿದಿರಲಿಲ್ಲ, ನೀರು ಸುಮ್ಮನೆ ಒಳಗೆ ಹರಿಯುತ್ತಿತ್ತು. ಟಾರ್ಚು ಹಾಕಿದರೆ ಅಡುಗೆಮನೆ ಬಾಗಿಲಿನ ಕೆಳಗಿನಿಂದ ನೊರೆ ಒಳಗೆ ಬರುತ್ತಿದೆ, ಹಳದಿ ನೊರೆ, ಅದರಲ್ಲಿ ಗಾಳಿಮರದ ಸೂಜಿ ಎಲೆಗಳು. ಒಂದು ತೆರೆಗೆ ಪಾದ ಮುಳುಗಿತು, ನಾಲ್ಕನೆಯದಕ್ಕೆ ಗ್ಯಾಸ್ ಸಿಲಿಂಡರ್ ಮಗುಚಿತು. ಅಣ್ಣ ರೆಗ್ಯುಲೇಟರ್ ಬಿಚ್ಚಿದ. ಅಷ್ಟರಲ್ಲಿ ಪಡು ಗೋಡೆಯ ಬುಡದ ಮರಳು ಹೋಗಿ ಗೋಡೆ ಹೊರಗೆ ವಾಲಿತು. ಅದು ಒಳಗೆ ಬೀಳಲಿಲ್ಲ ಅನ್ನುವುದನ್ನು ನೆನೆದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ತೆಂಕಿನ ದಾರಿಯಲ್ಲಿ ಗಾಳಿಮರ ಬಿದ್ದಿತ್ತು, ಕಂಬ ಬಿದ್ದಿತ್ತು, ತಗ್ಗಿನಲ್ಲಿ ನೀರು. ಅತ್ತಿಗೆ ಹೇಳಿದ ಹಾಗೇ ಆಯಿತು. ಇಬ್ಬರೂ ರಸ್ತೆಯ ಆಚೆ ಬದಿಯ ಒಂದು ತಾರಸಿ ಮನೆಗೆ ಹೋದರು. ಓಣಿಯ ಉಳಿದವರೂ ಅಲ್ಲಿಗೇ ಬಂದರು, ಒಟ್ಟು ಹದಿನೇಳು ಜನ. ಕತ್ತಲಲ್ಲಿ, ಬಿದ್ದ ತಂತಿಯ ನಡುವೆ, ಮೊಣಕಾಲು ನೀರಿನಲ್ಲಿ ದಾಟಿದರು. ಕರೆಂಟು ಮೊದಲೇ ಹೋಗಿತ್ತು, ಇಲ್ಲದಿದ್ದರೆ ಆ ತಂತಿಯಲ್ಲಿ ಏನಾಗುತ್ತಿತ್ತೋ. ಹಗಲು ಮೂರು ಗಂಟೆಗೆ ಗಾಡಿಯಲ್ಲಿ ಕೂತು ಬರಬಹುದಾದ ದಾರಿ ಅದು. ಬೆಳಗಿನ ಜಾವ ಮೂರಕ್ಕೆ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುವ ಸ್ಥಿತಿ.

ಭಾನುವಾರ ಮಧ್ಯಾಹ್ನ ನಾನು ಹೋದಾಗ ಮಳೆ ಇನ್ನೂ ಇತ್ತು. ಗಾಡಿ ಬಿಟ್ಟು ನಡೆದೇ ಹೋದೆ. ಅಡುಗೆಮನೆಯ ಪಡು ಗೋಡೆ ಮರಳಿನ ಮೇಲೆ ಉದ್ದಕ್ಕೆ ಮಲಗಿತ್ತು, ಸಾರಣೆಯ ಮೇಲೆ ದೊಡ್ಡಮ್ಮ ಅಂಟಿಸಿದ್ದ ಕ್ಯಾಲೆಂಡರ್ ಹಾಗೇ ಇತ್ತು. ನಾಲ್ಕು ತೆಂಗಿನ ಮರ ಬುಡ ಸಮೇತ ಹೋಗಿತ್ತು. ದೋಣಿ ಉಳಿದಿತ್ತು. ಆದರೆ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಹಿಂದಿನ ಕೊಟ್ಟಿಗೆಯಲ್ಲಿ ಇಟ್ಟಿದ್ದರು, ಭದ್ರವಾಗಿರುತ್ತದೆ ಅಂತ. ಕೊಟ್ಟಿಗೆಗೆ ನೀರು ನುಗ್ಗಿ ಎಂಜಿನ್ ಉಪ್ಪುನೀರಿನಲ್ಲಿ ಮುಳುಗಿತ್ತು. ನಮ್ಮ ಗಾಡಿಯಲ್ಲಿ ಜಾಗ ಇತ್ತು, ನನಗೂ ನೆನಪಾಗಲಿಲ್ಲ, ಅವರಿಗೂ ಆಗಲಿಲ್ಲ. ಮನೆಯ ಎಲ್ಲಕ್ಕಿಂತ ಬೆಲೆಯ ವಸ್ತು ಅದು.

ಸೋಮವಾರ ಕಾಪು ಕಡೆಯ ಕಡಲಿನಲ್ಲಿ ಬಂಡೆಗೆ ಸಿಕ್ಕಿಬಿದ್ದ ಟಗ್ ಒಂದರಿಂದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಮತ್ತೆ ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಹೊರಗೆ ತೆಗೆದರು. ಎರಡು ದಿನದ ಹಿಂದೆಯೇ ಉತ್ತರಕ್ಕೆ ದಾಟಿದ ಗಾಳಿ. ಅದರ ತೆರೆ ಸೋಮವಾರವೂ ಅಷ್ಟು ಜೋರಿತ್ತು.

ಬಾವಿಯ ವಿಷಯದಲ್ಲಿ ಓಣಿಯವರು ಎರಡು ರೀತಿ ಮಾಡಿದರು, ಇದನ್ನೂ ಬರೆದಿಡಬೇಕು. ಕಡಲಿನ ನೀರು ಬಿದ್ದು ಎಲ್ಲ ಬಾವಿಯೂ ಉಪ್ಪಾಗಿತ್ತು. ಪಕ್ಕದ ಮನೆಯವರು ಮೋಟಾರು ಇಟ್ಟು ಒಂದೇ ದಿನದಲ್ಲಿ ಪೂರ್ತಿ ಖಾಲಿ ಮಾಡಿದರು. ಮರುದಿನ ನೋಡಿದರೆ ಮೊದಲಿಗಿಂತ ಜಾಸ್ತಿ ಉಪ್ಪು. ಮರಳಿನ ಜಾಗದಲ್ಲಿ ಸಿಹಿನೀರು ಅಂದರೆ ಉಪ್ಪುನೀರಿನ ಮೇಲೆ ತೇಲುವ ತೆಳು ಪದರ, ಸಿಹಿನೀರು ಹಗುರ ಅಂತ ಮೇಲೆ ನಿಂತಿರುತ್ತದೆ. ಮೇಲಿನದನ್ನು ಒಮ್ಮೆಲೇ ಎಳೆದರೆ ಕೆಳಗಿನ ಉಪ್ಪು ಏರಿ ಬರುತ್ತದೆ. ದೊಡ್ಡಮ್ಮ ಮೋಟಾರು ಇಡಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಸಂಜೆ ಇಪ್ಪತ್ತು ಇಪ್ಪತ್ತು ಕೊಡ ಸೇದಿ ದೂರ ಚೆಲ್ಲಿಸಿದರು. ಕೊಳೆತದ್ದು, ಕಸ ಎಲ್ಲ ತೆಗೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಅಲ್ಲಿಯ ತನಕ ಕುಡಿಯಲು ಟ್ಯಾಂಕರ್ ನೀರು. ಜೂನ್ ಮೊದಲ ವಾರ ಮುಂಗಾರು ಹಿಡಿಯಿತು, ಬಾವಿಗೆ ಅದೇ ಮದ್ದು.

ಪರಿಹಾರದ ಮಹಜರಿಗೆ ಬಂದಾಗ ಮೊದಲ ಪ್ರಶ್ನೆ, ಗೋಡೆ ಮೊದಲೇ ಬಿರುಕು ಬಿಟ್ಟಿತ್ತಾ ಅಂತ. ಅತ್ತಿಗೆ ಮೊಬೈಲ್ ತೆಗೆದು ಮಗುವಿನ ಫೋಟೋ ತೋರಿಸಿದಳು. ಮೇ 15, ಮಧ್ಯಾಹ್ನ 2 ಗಂಟೆ 40 ನಿಮಿಷ. ಹಿಂದೆ ನೆಟ್ಟಗೆ ನಿಂತ ಗೋಡೆ. ಅದರ ಮೇಲೆ ಮಾತು ಬೆಳೆಯಲಿಲ್ಲ. ಫೋಟೋ ಇಲ್ಲದ ಎರಡು ಮನೆಯವರು ತಿಂಗಳುಗಟ್ಟಲೆ ಓಡಾಡಿದರು. ಎಂಜಿನ್ನಿಗೆ ಏನೂ ಬರಲಿಲ್ಲ. ಅದರ ಬಿಲ್ಲು ಅದೇ ಕೊಟ್ಟಿಗೆಯಲ್ಲಿತ್ತು.

ಈಗ ಅಡುಗೆಮನೆ ಮೂಡು ಬದಿಗಿದೆ. ಪಡುವಿನ ಜಾಗದಲ್ಲಿ ಗೋಡೆ ಎಬ್ಬಿಸಲಿಲ್ಲ, ಗಾಳಿಮರದ ಸಸಿ ನೆಟ್ಟಿದ್ದಾರೆ. ದೊಡ್ಡಪ್ಪ ಆ ಜೂನಿನಲ್ಲೇ ಹಿಂಬಾಗಿಲಿನ ಮೆಟ್ಟಿಲಿನಿಂದ ದಿಬ್ಬದ ಅಂಚಿನ ತನಕ ಹೆಜ್ಜೆ ಹಾಕಿ ಅಳೆದರು. ಮೊದಲು 62 ಹೆಜ್ಜೆ ಇತ್ತಂತೆ, ಆಗ 41. ಪ್ರತಿ ವರ್ಷ ಮೇ ಬಂದಾಗ ಒಮ್ಮೆ ಅಳೆಯುತ್ತಾರೆ, ಬಾಗಿಲಿನ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಅದೇ ದಿನ ಅಟ್ಟದಿಂದ ಬಲೆ ಇಳಿಸಿ, ಇಲಿ ಕಡಿದ ಕಡೆ ಗಂಟು ಹಾಕಿ ಮತ್ತೆ ಸುತ್ತಿಡುತ್ತಾರೆ.